ಮೊದಲು ಶಿಸ್ತು, ಆಮೇಲೆ ಲೆಕ್ಕ ಎಂಬ ತಪ್ಪು

ಒಂದನೇ ಅಥವಾ ಎರಡನೇ ತರಗತಿಗೆ ಹೊಸದಾಗಿ ಬಂದ ಶಿಕ್ಷಕಿಗೆ ನಮ್ಮ ಶಾಲೆಗಳಲ್ಲಿ ಸಿಗುವ ಮೊದಲ ಸಲಹೆ ಹೆಚ್ಚುಕಡಿಮೆ ಒಂದೇ: ‘ಮೊದಲು ಕ್ಲಾಸನ್ನು ಹಿಡಿತಕ್ಕೆ ತಗೊಳ್ಳಿ ಮೇಡಂ, ಪಾಠ ಆಮೇಲೆ ನೋಡಿಕೊಂಡರಾಯಿತು.’ ಹಿಡಿತ ಎಂದರೇನೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕೈಕಟ್ಟಿ ಕೂತ ಮಕ್ಕಳು, ತುಟಿಯ ಮೇಲೆ ಬೆರಳು, ಕೇಳಿದಾಗ ಒಕ್ಕೊರಲಿನ ಉತ್ತರ, ಉಳಿದ ಹೊತ್ತೆಲ್ಲ ಮೌನ. ಮೊಗಸಾಲೆಯಲ್ಲಿ ಹಾದುಹೋಗುವ ಮುಖ್ಯೋಪಾಧ್ಯಾಯರು ಒಳ್ಳೆಯ ತರಗತಿಯನ್ನು ಗುರುತಿಸುವುದು ಕಿವಿಯಿಂದ. ಸದ್ದು ಕೇಳಿಸಿದರೆ ಅಲ್ಲಿ ಪಾಠ ನಡೆಯುತ್ತಿಲ್ಲವೆಂದೇ ಅರ್ಥ. ಶಿಸ್ತು ಒಂದು ಕೌಶಲ, ಗಣಿತ ಇನ್ನೊಂದು ವಿಷಯ, ಮೊದಲಿನದು ಕೈಗೂಡಿದ ಮೇಲೆಯೇ ಎರಡನೆಯದಕ್ಕೆ ಕೈಹಾಕಬೇಕು ಎಂಬ ತಿಳಿವಳಿಕೆ ಈ ಸಲಹೆಯ ಹಿಂದಿದೆ. ಅದರಂತೆ ಬೀಜ, ಕಡ್ಡಿ, ಮಣಿ, ಆಟ ಇವೆಲ್ಲ ಸುಮ್ಮನೆ ಕೂರಲು ಕಲಿತ ಮಕ್ಕಳಿಗೆ ಶನಿವಾರ ಸಿಗುವ ಬಹುಮಾನಗಳಾಗುತ್ತವೆ. ಈ ತಿಳಿವಳಿಕೆ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಆರೇಳು ವರ್ಷದ ಮಕ್ಕಳ ತರಗತಿಯಲ್ಲಿ ಕ್ರಮ ಹುಟ್ಟುವುದೇ ಅವರ ಕೈಗೆ ಕೊಡುವ ಕೆಲಸದಿಂದ; ಆ ಕೆಲಸವನ್ನು ಹೇಗೆ ಹಂಚುತ್ತೇವೆ, ಹೇಗೆ ನಡೆಸುತ್ತೇವೆ, ಹೇಗೆ ಮುಗಿಸುತ್ತೇವೆ ಎಂಬುದರಿಂದ. ಗದರಿಕೆಯಿಂದ ತಂದ ಮೌನವಾದರೋ ಮಕ್ಕಳು ಲೆಕ್ಕ ಕಲಿಯುವ ದಾರಿಯನ್ನೇ ಮುಚ್ಚಿಬಿಡುತ್ತದೆ.

ಇದಕ್ಕೆ ಹಳೆಯದೂ ಗಟ್ಟಿಯಾದದ್ದೂ ಆದ ಆಧಾರವಿದೆ. ಅಮೆರಿಕದ ಡೆಟ್ರಾಯಿಟ್ ನಗರದ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಜೇಕಬ್ ಕೌನಿನ್ ಮೊದಲು ಹುಡುಕಹೊರಟದ್ದು ಶಿಕ್ಷಕರು ಗದರುವ ಬಗೆಯನ್ನು. ಗಡುಸಾಗಿ ಹೇಳಿದರೆ ಫಲವೋ, ಮೆತ್ತಗೆ ಹೇಳಿದರೆ ಫಲವೋ, ಏನು ತಪ್ಪಾಯಿತೆಂದು ವಿವರಿಸಿದರೆ ಫಲವೋ ಎಂದು ವರ್ಷಗಟ್ಟಲೆ ನೋಡಿದರು. ತರಗತಿಗಳನ್ನು ಚಿತ್ರೀಕರಿಸಿ ಮತ್ತೆ ಮತ್ತೆ ಪರಿಶೀಲಿಸಿದರು. 1970ರಲ್ಲಿ ಪ್ರಕಟವಾದ ಅವರ ಪುಸ್ತಕದ ತೀರ್ಮಾನ ಅವರನ್ನೇ ಅಚ್ಚರಿಗೊಳಿಸುವಂಥದು. ಮಗು ತಪ್ಪಿ ನಡೆದ ಮೇಲೆ ಶಿಕ್ಷಕರು ಹೇಗೆ ತಿದ್ದುತ್ತಾರೆ ಎಂಬುದಕ್ಕೂ ತರಗತಿ ಎಷ್ಟು ಕ್ರಮವಾಗಿ ನಡೆಯುತ್ತದೆ ಎಂಬುದಕ್ಕೂ ಹೇಳಿಕೊಳ್ಳುವಂಥ ಸಂಬಂಧವೇ ಕಾಣಲಿಲ್ಲ. ವ್ಯತ್ಯಾಸವೆಲ್ಲ ಇದ್ದದ್ದು ತಪ್ಪು ನಡೆಯುವುದಕ್ಕೆ ಮುಂಚಿನ ಹೊತ್ತಿನಲ್ಲಿ. ತರಗತಿಯನ್ನು ಚೆನ್ನಾಗಿ ನಡೆಸುವವರು ಒಂದು ಗುಂಪಿನ ಜೊತೆ ಕೂತಿದ್ದರೂ ಇಡೀ ಕೋಣೆಯ ಮೇಲೆ ಕಣ್ಣಿಟ್ಟಿದ್ದರು. ಎರಡು ಸಂಗತಿಗಳನ್ನು ಒಟ್ಟಿಗೆ ನಿಭಾಯಿಸುತ್ತಿದ್ದರು. ಒಂದು ಕೆಲಸದಿಂದ ಇನ್ನೊಂದಕ್ಕೆ ಸಾಗುವಾಗ ಪಾಠದ ಓಟ ಕಡಿಯದಂತೆ ನೋಡಿಕೊಳ್ಳುತ್ತಿದ್ದರು. ಚಿಕ್ಕ ಮಕ್ಕಳಿಗೆ ಬೇಸರ ಹತ್ತುವ ಮೊದಲೇ ಕೆಲಸದ ಬಗೆಯನ್ನು ಬದಲಿಸುತ್ತಿದ್ದರು. ಅಂದರೆ ನಾವು ಶಿಸ್ತಿನ ಕೌಶಲ ಎಂದು ಕರೆಯುವುದು ಪಾಠ ನಡೆಸುವ ಕೌಶಲವೇ ಆಗಿತ್ತು. ಇದನ್ನು ನಮ್ಮ ಗಣಿತದ ತರಗತಿಗೆ ತಂದು ನೋಡಿ. ನಲವತ್ತು ಮಕ್ಕಳು, ಮಣಿಗಳ ಒಂದೇ ಡಬ್ಬ, ಹಂಚುತ್ತಾ ಹೋಗುವವರು ಒಬ್ಬರೇ. ಕೊನೆಯ ಸಾಲಿನ ಮಗುವಿಗೆ ಮಣಿ ಸಿಗುವ ಹೊತ್ತಿಗೆ ಮೊದಲ ಸಾಲಿನ ಮಗು ತನ್ನ ಮಣಿಗಳನ್ನು ಪಕ್ಕದವನ ಕಿವಿಗೆ ತುರುಕಿರುತ್ತದೆ. ಆಗ ಗದ್ದಲಕ್ಕೆ ಕಾರಣ ಮಕ್ಕಳ ಸ್ವಭಾವವೆಂದು ತೀರ್ಮಾನವಾಗುತ್ತದೆ, ಮಣಿಗಳು ಬೀರುವಿಗೆ ಮರಳುತ್ತವೆ, ಕಪ್ಪುಹಲಗೆಯ ಮೇಲೆ ಒಂದರಿಂದ ನೂರು ಬರೆಯುವ ಕೆಲಸ ಶುರುವಾಗುತ್ತದೆ. ಸೋತದ್ದು ಹಂಚಿಕೆ. ತಪ್ಪಿನ ಹೊರೆ ಮಾತ್ರ ಮಕ್ಕಳ ಮೇಲೂ ಮಣಿಗಳ ಮೇಲೂ ಬೀಳುತ್ತದೆ.

ಇನ್ನು ಮೌನ ಲೆಕ್ಕಕ್ಕೆ ಮಾಡುವ ಕೇಡಿನ ಮಾತು. ಎಣಿಕೆ ಎಂಬುದು ದೊಡ್ಡವರಿಗೆ ಒಂದೇ ಕೆಲಸವೆಂದು ತೋರಿದರೂ ಮಗುವಿಗೆ ಅದು ಹಲವು ಕೆಲಸಗಳ ಕೂಡಿಕೆ ಎಂಬುದನ್ನು ರೋಶಲ್ ಗೆಲ್ಮನ್ ಮತ್ತು ರ‍್ಯಾಂಡಿ ಗ್ಯಾಲಿಸ್ಟೆಲ್ 1978ರಲ್ಲೇ ಬಿಡಿಸಿ ತೋರಿಸಿದ್ದರು. ಸಂಖ್ಯೆಗಳ ಹೆಸರನ್ನು ಸರಿಯಾದ ಸಾಲಿನಲ್ಲಿ ಹೇಳಬೇಕು. ಒಂದು ವಸ್ತುವಿಗೆ ಒಂದೇ ಹೆಸರು ಸಲ್ಲಬೇಕು. ಕೊನೆಗೆ ಹೇಳಿದ ಹೆಸರೇ ಒಟ್ಟು ಎಷ್ಟೆಂಬುದನ್ನು ಸೂಚಿಸುತ್ತದೆಂದು ಅರಿವಾಗಬೇಕು. ಎಡದಿಂದ ಎಣಿಸಿದರೂ ಬಲದಿಂದ ಎಣಿಸಿದರೂ ಮೊತ್ತ ಬದಲಾಗದೆಂದು ತಿಳಿಯಬೇಕು. ಇಡೀ ತರಗತಿ ಒಟ್ಟಿಗೆ ಒಂದರಿಂದ ನೂರರವರೆಗೆ ಹೇಳಿದಾಗ ಇವುಗಳಲ್ಲಿ ಮೊದಲನೆಯದಷ್ಟೇ ಪರೀಕ್ಷೆಗೆ ಒಳಗಾಗುತ್ತದೆ. ಅದೂ ಯಾರಿಗೆ ಬಂತು, ಯಾರು ತುಟಿ ಆಡಿಸಿದರು ಎಂಬುದು ಗೊತ್ತಾಗದ ಹಾಗೆ. ಬರವಣಿಗೆಯ ಪಾಡೂ ಅಷ್ಟೇ. ಸಾಲುಸಾಲಾಗಿ ಸಂಖ್ಯೆ ಬರೆಯಲು ಕೂತ ಮಗು ಹತ್ತರ ಸ್ಥಾನದ ಎರಡನ್ನು ಮೇಲಿನಿಂದ ಕೆಳಕ್ಕೆ ಒಮ್ಮೆಗೇ ಬರೆದು, ಆಮೇಲೆ ಅದರ ಪಕ್ಕದಲ್ಲಿ ಒಂದರಿಂದ ಒಂಬತ್ತನ್ನು ಇಳಿಸಿಬಿಡಬಲ್ಲದು. ಪುಟ ಅಚ್ಚುಕಟ್ಟಾಗಿ ತುಂಬುತ್ತದೆ, ಮಗುವಿನ ತಲೆಯಲ್ಲಿ ಇಪ್ಪತ್ತಮೂರು ಎಂಬ ಸಂಖ್ಯೆ ಹುಟ್ಟಿರುವುದಿಲ್ಲ. ನೂರಾ ಐದನ್ನು 1005 ಎಂದು ಬರೆಯುವ ಮಗುವಾಗಲಿ, 52ರಲ್ಲಿ 27 ಕಳೆಯಲು ಹೇಳಿದಾಗ ಏಳರಲ್ಲಿ ಎರಡು ಕಳೆದು 35 ಎನ್ನುವ ಮಗುವಾಗಲಿ ಯೋಚಿಸದೆ ಬರೆದದ್ದಲ್ಲ. ಕೇಳಿದ್ದನ್ನು ಕೇಳಿದ ಕ್ರಮದಲ್ಲೇ ಬರೆದದ್ದು ಒಂದು. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕೆಂಬ, ತನಗೆ ಹೇಳಿಕೊಟ್ಟ ಮಾತನ್ನೇ ಪಾಲಿಸಿದ್ದು ಇನ್ನೊಂದು. ಈ ತರ್ಕ ಹೊರಬರಬೇಕಾದರೆ ಮಗು ಬಾಯಿಬಿಡಬೇಕು. ಬೆರಳನ್ನು ತುಟಿಯ ಮೇಲಿಟ್ಟುಕೊಂಡ ತರಗತಿಯಲ್ಲಿ ಶಿಕ್ಷಕಿಗೆ ಉಳಿಯುವುದು ಕೆಂಪು ಗೀರು ಮಾತ್ರ.

ಹಳೆಯ ರೀತಿ ಫಲ ಕೊಟ್ಟಿದ್ದರೆ ಇಷ್ಟು ಮಾತಿಗೆ ಅಗತ್ಯವಿರಲಿಲ್ಲ. ಗ್ರಾಮೀಣ ಭಾರತದ ಮನೆಮನೆಗೆ ಹೋಗಿ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯ ಪ್ರಕಾರ, ಮೂರನೇ ತರಗತಿಯ ಮಕ್ಕಳಲ್ಲಿ ಎರಡಂಕಿಯ ‘ಸಾಲ ಪಡೆದು ಕಳೆಯುವ’ ಲೆಕ್ಕವನ್ನಾದರೂ ಮಾಡಬಲ್ಲವರು 2018ರಲ್ಲಿ ಶೇ. 28.2, ಕೋವಿಡ್ ಕಳೆದ 2022ರಲ್ಲಿ ಶೇ. 25.9, 2024ರಲ್ಲಿ ಶೇ. 33.7. ಏರಿಕೆ ಸಂತೋಷದ್ದೇ, ಆದರೂ ಮೂರರಲ್ಲಿ ಎರಡು ಮಕ್ಕಳು ಆ ಲೆಕ್ಕದ ಮುಂದೆ ನಿಂತುಬಿಡುತ್ತಿದ್ದಾರೆ. ಇದಕ್ಕೆಲ್ಲ ತರಗತಿಯ ಮೌನವೇ ಕಾರಣವೆಂದು ನಾನು ಹೇಳುವುದಿಲ್ಲ; ಬಡತನವಿದೆ, ಗೈರುಹಾಜರಿಯಿದೆ, ಶಿಕ್ಷಕರ ಕೊರತೆಯಿದೆ. ಆದರೆ ಶಿಸ್ತು ಮೊದಲು ಎನ್ನುವವರು ತಮ್ಮ ದಾರಿ ಪರೀಕ್ಷಿತವಾದದ್ದು, ಚಟುವಟಿಕೆಯದು ಪ್ರಯೋಗದ ದಾರಿ ಎಂಬಂತೆ ಮಾತಾಡುತ್ತಾರಲ್ಲ, ಆ ಮಾತಿಗೆ ಈ ಅಂಕಿಗಳು ಆಸರೆಯಾಗವು.

ಶಾಲೆಯ ಹೊರಗೆ ಮಕ್ಕಳು ಲೆಕ್ಕ ಮಾಡುವುದಿಲ್ಲವೆಂದೂ ಅಲ್ಲ. ಬ್ರೆಜಿಲ್‌ನ ರೆಸಿಫಿ ನಗರದಲ್ಲಿ ಬೀದಿ ವ್ಯಾಪಾರ ಮಾಡುವ ಮಕ್ಕಳನ್ನು ಟೆರೆಜಿನ್ಯಾ ನುನೆಸ್ ಮತ್ತು ಅವರ ಸಂಗಡಿಗರು ಮಾತಾಡಿಸಿ 1985ರಲ್ಲಿ ಬರೆದ ಪ್ರಬಂಧ ಪ್ರಸಿದ್ಧ. ಐವರು ಮಕ್ಕಳ ಪುಟ್ಟ ಅಧ್ಯಯನ ಅದು. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಶೇ. 98ರಷ್ಟಕ್ಕೆ ಸರಿಯುತ್ತರ ಕೊಟ್ಟ ಅದೇ ಮಕ್ಕಳು, ಅವೇ ಲೆಕ್ಕಗಳನ್ನು ಬರಿಯ ಅಂಕಿಗಳಾಗಿ ಕಾಗದದ ಮೇಲೆ ಕೊಟ್ಟಾಗ ಶೇ. 37ರಷ್ಟನ್ನು ಮಾತ್ರ ಬಿಡಿಸಿದರು. ನಲವತ್ತು ವರ್ಷಗಳ ನಂತರ, 2025ರಲ್ಲಿ, ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು ಕೋಲ್ಕತ್ತ ಮತ್ತು ದೆಹಲಿಯ ಸಂತೆಗಳಲ್ಲಿ ದುಡಿಯುವ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ನೋಡಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದೂ ಇದನ್ನೇ ಹೇಳುತ್ತದೆ, ಇನ್ನೊಂದು ಹೆಜ್ಜೆ ಮುಂದೆಯೂ ಹೋಗುತ್ತದೆ. ಸಂತೆಯ ಮಕ್ಕಳಿಗೆ ಶಾಲೆಯ ಲೆಕ್ಕ ಎಟುಕಲಿಲ್ಲ. ಶಾಲೆಯ ಲೆಕ್ಕ ಬಲ್ಲ ಮಕ್ಕಳಿಗೆ ಸಂತೆಯ ಲೆಕ್ಕ ಎಟುಕಲಿಲ್ಲ. ಸಂತೆ ಸಾಕು, ಶಾಲೆ ಬೇಡ ಎಂದು ಇದರಿಂದ ಹೇಳಲಾಗದು. ಈ ಎರಡರ ನಡುವಿನ ದಾರಿ ತಾನಾಗಿ ಬೀಳುವುದಿಲ್ಲ, ಯಾರಾದರೂ ಹಾಕಬೇಕು ಎಂಬುದನ್ನು ಮಾತ್ರ ಹೇಳಬಹುದು. ಅದನ್ನು ಹಾಕುವ ಜಾಗ ಒಂದರಿಂದ ಮೂರರ ತರಗತಿ. ಹಾಕುವ ಸಾಧನ ವಸ್ತು ಮತ್ತು ಮಾತು. ಎರಡನ್ನೂ ಶಿಸ್ತಿನ ಹೆಸರಿನಲ್ಲಿ ಹೊರಗಿಟ್ಟರೆ ಶಾಲೆ ತನ್ನ ಕೆಲಸವನ್ನೇ ಕೈಬಿಟ್ಟಂತೆ.

ಕರ್ನಾಟಕಕ್ಕೆ ಇದು ಹೊಸ ಪಾಠವಲ್ಲ. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಮಾದರಿ ನೋಡಿಬಂದ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಯುನಿಸೆಫ್ ನೆರವಿನಿಂದ 1995ರಲ್ಲಿ ‘ನಲಿ-ಕಲಿ’ ಎಂಬ ಚಟುವಟಿಕೆ ಆಧಾರಿತ ಕಲಿಕೆಯನ್ನು ಆರಂಭಿಸಿದರು. 2009-10ರಿಂದ ಅದು ರಾಜ್ಯದ ಸರ್ಕಾರಿ ಶಾಲೆಗಳ ಕಿರಿಯ ತರಗತಿಗಳಿಗೆಲ್ಲ ಹಬ್ಬಿತು. ಕಲಿಕಾ ಏಣಿ, ಮೈಲಿಗಲ್ಲು, ಕಾರ್ಡು, ನೆಲದಲ್ಲಿ ಗುಂಪಾಗಿ ಕೂರುವ ಮಕ್ಕಳು, ತಲೆಯ ಮೇಲಿನ ಚಪ್ಪರದಲ್ಲಿ ತೂಗುವ ಅವರ ಕೆಲಸ, ಕೈಗೆಟುಕುವ ಎತ್ತರದ ಗೋಡೆಹಲಗೆ: ಇವೆಲ್ಲ ಬರಿಯ ಬೋಧನ ಸಾಮಗ್ರಿಗಳಲ್ಲ, ತರಗತಿ ನಿರ್ವಹಣೆಯ ಒಂದು ಪೂರ್ಣ ಯೋಜನೆ. ಒಂದು ಗುಂಪಿಗೆ ಶಿಕ್ಷಕಿಯ ಪೂರ್ಣ ನೆರವು, ಒಂದಕ್ಕೆ ಅರೆ ನೆರವು, ಇನ್ನೊಂದಕ್ಕೆ ಸಹಪಾಠಿಗಳ ನೆರವು, ಮತ್ತೊಂದಕ್ಕೆ ಸ್ವಕಲಿಕೆ ಎಂಬ ಹಂಚಿಕೆಯ ಜಾಣ್ಮೆಯನ್ನು ಗಮನಿಸಿ. ಮಕ್ಕಳೆಲ್ಲ ಒಂದೇ ಗಳಿಗೆಯಲ್ಲಿ ಒಬ್ಬರೇ ಶಿಕ್ಷಕಿಯನ್ನು ಬೇಡದಂತೆ ಮಾಡುವ ಏರ್ಪಾಡು ಅದು. ಗದ್ದಲದ ಬೇರು ಇರುವುದೇ ಅಲ್ಲಿ. ಇಂಥ ಯೋಜನೆಯನ್ನು ನಮ್ಮವರೇ ಕಟ್ಟಿ, ನಮ್ಮವರೇ ಅನುಮಾನದಿಂದ ನೋಡಿದೆವು. ‘ಮಕ್ಕಳು ಆಡಿಕೊಂಡೇ ಇರುತ್ತವೆ, ಬರೆಸುವುದೇ ಇಲ್ಲ’ ಎಂಬ ದೂರಿಗೆ ಮಣಿದು ಕಾರ್ಡುಗಳನ್ನು ನೋಟ್‌ಬುಕ್ಕಿಗೆ ನಕಲು ಮಾಡಿಸುವ ಕಡೆ ಯೋಜನೆಯ ಹೊರರೂಪ ಉಳಿದು ಒಳಜೀವ ಹೋಗುತ್ತದೆ. ಮಗು ತಾನೊಂದೇ ಕೂತು ಕಾರ್ಡಿನ ಖಾಲಿ ಜಾಗ ತುಂಬುವುದೂ ಕಪ್ಪುಹಲಗೆ ನೋಡಿ ಬರೆಯುವುದೂ ಲೆಕ್ಕದ ದೃಷ್ಟಿಯಿಂದ ಬೇರೆ ಬೇರೆಯಲ್ಲ.

ಹಾಗಾದರೆ ಕೆಲಸದಿಂದ ಕ್ರಮ ಹುಟ್ಟುವುದು ಹೇಗೆ? ಮೊದಲು ಹಂಚಿಕೆಯನ್ನೇ ತೆಗೆದುಕೊಳ್ಳೋಣ. ಇಬ್ಬರಿಗೊಂದರಂತೆ ಪುಟ್ಟ ಬಟ್ಟೆಚೀಲಗಳು. ಪ್ರತಿ ಚೀಲದಲ್ಲೂ ಇಪ್ಪತ್ತು ಹುಣಸೆಬೀಜ. ಚೀಲ ಪಡೆದ ಕೂಡಲೇ ಎಣಿಸಿ ನೋಡಬೇಕು, ಮರಳಿಸುವ ಮುಂಚೆ ಮತ್ತೆ ಎಣಿಸಬೇಕು, ಕಡಿಮೆ ಬಿದ್ದರೆ ಎಷ್ಟು ಕಡಿಮೆಯೆಂದು ಹೇಳಿ ಹುಡುಕಬೇಕು. ಬೀಜ ಚೆಲ್ಲಾಡದಂತೆ ಕಾಯುವ ನಿಯಮವೂ ಇದೇ, ಒಂದಕ್ಕೊಂದು ಹೊಂದಿಸಿ ಎಣಿಸುವ ಅಭ್ಯಾಸವೂ ಇದೇ, ‘ಹದಿನೇಳಿದೆ, ಇನ್ನು ಮೂರು ಬೇಕು’ ಎಂಬ ಕಳೆಯುವ ಲೆಕ್ಕವೂ ಇದೇ. ಚೀಲ ಹಂಚುವುದು ಪ್ರತಿ ಸಾಲಿನ ಒಂದು ಮಗು. ತನ್ನ ಸಾಲಿಗೆ ಎಷ್ಟು ಚೀಲ ಬೇಕೆಂದು ಆ ಮಗು ಮೊದಲೇ ಹೇಳಿ ಒಯ್ಯಬೇಕು. ಒಂಬತ್ತು ಮಕ್ಕಳಿರುವ ಸಾಲಿಗೆ ನಾಲ್ಕು ಚೀಲ ಸಾಕೇ, ಐದು ಬೇಕೇ ಎಂಬ ಪ್ರಶ್ನೆ ಅಲ್ಲೇ ಏಳುತ್ತದೆ. ಬೆಳಗಿನ ಹಾಜರಿಯನ್ನು ನೋಡಿ. ಶಿಕ್ಷಕಿ ಹೆಸರು ಕೂಗುತ್ತಾ ಕೂತಷ್ಟು ಹೊತ್ತು ಉಳಿದವರಿಗೆ ಕೆಲಸವಿಲ್ಲ, ಕೆಲಸವಿಲ್ಲದಲ್ಲಿ ಗದ್ದಲ. ಅದರ ಬದಲು ಮೂವತ್ತು ಮಕ್ಕಳ ತರಗತಿಯ ಗೋಡೆಯ ಮೇಲೆ ಐದೈದರ ಎರಡು ಸಾಲಿನ ಹತ್ತು ಮನೆಯ ಚೌಕಟ್ಟುಗಳಿದ್ದು, ಒಳಗೆ ಬಂದ ಮಗು ತನ್ನ ಹೆಸರಿನ ಚೀಟಿಯನ್ನು ಒಂದು ಮನೆಯಲ್ಲಿ ಇಟ್ಟರೆ, ಎರಡು ಚೌಕಟ್ಟು ತುಂಬಿ ಮೂರನೆಯದರಲ್ಲಿ ಆರು ಮನೆ ತುಂಬಿದ್ದನ್ನು ನೋಡಿಯೇ ‘ಇಪ್ಪತ್ತಾರು’ ಎನ್ನಬಹುದು. ಬಾರದವರು ನಾಲ್ವರೆಂದು ಖಾಲಿ ಮನೆಗಳು ಹೇಳುತ್ತವೆ. ಬಿಸಿಯೂಟಕ್ಕೆ ಮುಂಚೆ ಮೊಟ್ಟೆ ಎಷ್ಟು ಮಂದಿಗೆ, ಬಾಳೆಹಣ್ಣು ಎಷ್ಟು ಮಂದಿಗೆ ಎಂಬ ಲೆಕ್ಕವನ್ನು ಶಾಲೆ ಹೇಗೂ ತೆಗೆಯಬೇಕಲ್ಲ. ಅದನ್ನು ಎರಡನೇ ತರಗತಿಯ ಮಕ್ಕಳೇ ಕೈ ಎತ್ತಿಸಿ, ಗೀರು ಹಾಕಿ, ಎರಡೂ ಸೇರಿದರೆ ಹಾಜರಿಗೆ ಸರಿಹೋಗುತ್ತದೆಯೇ ಎಂದು ನೋಡಲಿ. ಸರಿಹೋಗದ ದಿನ ತಪ್ಪು ಎಲ್ಲಿದೆಯೆಂದು ಹುಡುಕುವ ತರಗತಿಯನ್ನು ಯಾರೂ ಸುಮ್ಮನಿರಿಸಬೇಕಾಗಿಲ್ಲ.

ಆಟಗಳ ವಿಷಯದಲ್ಲೂ ನಮಗೆ ಬಡತನವಿಲ್ಲ. ಹತ್ತು ಬೀಜಗಳಲ್ಲಿ ಕೆಲವನ್ನು ಒಬ್ಬರು ಮುಷ್ಟಿಯಲ್ಲಿ ಬಚ್ಚಿಟ್ಟು ಉಳಿದವನ್ನು ತೋರಿಸಿದರೆ ಮುಷ್ಟಿಯೊಳಗೆ ಎಷ್ಟಿವೆಯೆಂದು ಇನ್ನೊಬ್ಬರು ಹೇಳುವ ಆಟಕ್ಕೆ ಬೇರೆ ಸಾಮಗ್ರಿಯೇ ಬೇಡ. ಹತ್ತನ್ನು ಒಡೆದು ಕೂಡಿಸುವ ಬಲ ಇದರಿಂದ ಬರುತ್ತದೆ, ಮುಂದೆ 8 ಮತ್ತು 5ನ್ನು ಕೂಡುವಾಗ ಐದರಿಂದ ಎರಡನ್ನು ಎತ್ತಿ ಹತ್ತು ಮಾಡಿಕೊಳ್ಳುವ ಮಗು ಬೆರಳು ಮಡಚುವುದನ್ನು ಬಿಡುತ್ತದೆ. ಅಳಗುಳಿಮನೆಯಲ್ಲಿ ಹದಿನಾಲ್ಕು ಗುಳಿಗಳಿಗೆ ನಾಲ್ಕೋ ಐದೋ ಬೀಜ ಹಾಕಿ ಹಂಚುತ್ತಾ ಹೋಗುವಾಗ ಕೈಯಲ್ಲಿರುವ ಬೀಜ ಎಲ್ಲಿಗೆ ಮುಗಿಯುತ್ತದೆಂದು ಮೊದಲೇ ಊಹಿಸಬೇಕಾಗುತ್ತದೆ. ಚೌಕಾಬಾರದಲ್ಲಿ ನಾಲ್ಕು ಕವಡೆಗಳು ಅಂಗಾತ ಬಿದ್ದರೆ ನಾಲ್ಕು, ಎಲ್ಲವೂ ಬೋರಲಾದರೆ ಎಂಟು. ಇಂಥ ಆಟಗಳಿಗೆ ಬೆಲೆಯಿದೆಯೆಂದು ಹೇಳಲು ನೆನಪಿನ ಮೋಹ ಬೇಕಾಗಿಲ್ಲ. ಅಮೆರಿಕದ ಬಡ ಕುಟುಂಬಗಳ ಶಾಲಾಪೂರ್ವ ಮಕ್ಕಳಿಗೆ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ ಒಂದರಿಂದ ಹತ್ತರ ಮನೆಗಳು ಸಾಲಾಗಿರುವ ಹಾಸಿನ ಆಟವನ್ನು ಎರಡು ವಾರಗಳಲ್ಲಿ ಹದಿನೈದು ನಿಮಿಷದಂತೆ ನಾಲ್ಕು ಸಲ ಆಡಿಸಿದರು. ಸಂಖ್ಯೆಗಳ ಹಿರಿಕಿರಿತನದ ಅರಿವು ಬೆಳೆಯಿತು, ಒಂಬತ್ತು ವಾರಗಳ ನಂತರವೂ ಉಳಿದಿತ್ತು. ಅದೇ ಹಾಸಿನಲ್ಲಿ ಸಂಖ್ಯೆಗಳ ಬದಲು ಬಣ್ಣಗಳಿದ್ದ ಆಟ ಆಡಿದವರಲ್ಲಿ ಆ ಬೆಳವಣಿಗೆ ಕಾಣಲಿಲ್ಲ. 2008ರಲ್ಲಿ ಪ್ರಕಟವಾದ ಈ ಫಲಿತಾಂಶದ ಎರಡನೆಯ ಭಾಗವನ್ನು ಚಟುವಟಿಕೆಯ ಪರವಾಗಿ ಮಾತಾಡುವವರು ಮರೆಯಬಾರದು. ಮಕ್ಕಳಿಗೆ ಖುಷಿ ಎರಡರಲ್ಲೂ ಇತ್ತು, ಲೆಕ್ಕ ಇದ್ದದ್ದು ಒಂದರಲ್ಲಿ.

ನನ್ನ ವಾದಕ್ಕೆ ಬರಬಹುದಾದ ಅತ್ಯಂತ ಬಲವಾದ ಆಕ್ಷೇಪವೂ ಇಲ್ಲೇ ಹುಟ್ಟುತ್ತದೆ. ವಸ್ತು ಕೊಟ್ಟು ಮಕ್ಕಳನ್ನು ಬಿಟ್ಟರೆ ಅವರೇ ಗಣಿತವನ್ನು ಕಂಡುಕೊಳ್ಳುತ್ತಾರೆ ಎಂಬುದು ಸುಳ್ಳು. ಹೊಸಬರಿಗೆ ಸ್ಪಷ್ಟವಾದ ಮಾರ್ಗದರ್ಶನ ಬೇಕೇ ಬೇಕು ಎಂದು ಶಿಕ್ಷಣ ಸಂಶೋಧಕರಾದ ಕಿರ್ಶ್ನರ್, ಸ್ವೆಲರ್, ಕ್ಲಾರ್ಕ್ 2006ರಲ್ಲಿ ವಾದಿಸಿದರು. ಆ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಹಾಸಿನ ಆಟದ್ದೇ ಇನ್ನೊಂದು ಸಂಗತಿ ಇದಕ್ಕೆ ಸಾಕ್ಷಿ. ಐದನೇ ಮನೆಯಲ್ಲಿರುವ ಮಗು ಎರಡು ಹೆಜ್ಜೆ ಮುಂದೆ ಹೋಗುವಾಗ ‘ಆರು, ಏಳು’ ಎಂದು ಮನೆಯ ಸಂಖ್ಯೆಯನ್ನೇ ಹೇಳಬೇಕು. ‘ಒಂದು, ಎರಡು’ ಎಂದು ಹೊಸದಾಗಿ ಎಣಿಸಿದರೆ ಕಲಿಕೆ ತೀರ ಕಡಿಮೆಯೆಂದು ಎಲಿಡಾ ಲಾಸ್ಕಿ ಮತ್ತು ಸೀಗ್ಲರ್ ಆಮೇಲಿನ ಅಧ್ಯಯನದಲ್ಲಿ ತೋರಿಸಿದರು. ಹಾವು ಏಣಿ ಆಡುವ ನಮ್ಮ ಮಕ್ಕಳಲ್ಲಿ ಬಹುಪಾಲು ‘ಒಂದು, ಎರಡು’ ಎಂದೇ ಕಾಯಿ ನಡೆಸುವುದು. ಆಟ ಅದೇ, ಹಾಸು ಅದೇ. ಶಿಕ್ಷಕಿ ಪಕ್ಕದಲ್ಲಿ ಕೂತು ಒಂದು ಅಭ್ಯಾಸವನ್ನು ತಿದ್ದಿದರೆ ಅದು ಗಣಿತ, ತಿದ್ದದಿದ್ದರೆ ಕಾಲಕ್ಷೇಪ. 52ರಲ್ಲಿ 27 ಕಳೆಯುವಾಗ ಮಗು ಹತ್ತು ಕಡ್ಡಿಗಳ ಒಂದು ಕಟ್ಟನ್ನು ಬಿಚ್ಚುತ್ತದೆ. ಬಿಚ್ಚಿದ ಅದೇ ಗಳಿಗೆಯಲ್ಲಿ ಸ್ಲೇಟಿನ ಮೇಲೆ 5 ಹೋಗಿ 4 ಆಗಬೇಕು, 2 ಹೋಗಿ 12 ಆಗಬೇಕು, ಏಕೆಂದು ಮಗು ಹೇಳಬೇಕು. ಕಡ್ಡಿಯ ಪಾಠ ಸೋಮವಾರ, ಸ್ಲೇಟಿನ ಪಾಠ ಗುರುವಾರ ಎಂದಾದರೆ ಎರಡೂ ವ್ಯರ್ಥ. ಆದ್ದರಿಂದ ಈ ಆಕ್ಷೇಪ ಹೊಡೆಯುವುದು ಮಕ್ಕಳನ್ನು ಬಿಟ್ಟುಕೊಟ್ಟ ಶಿಕ್ಷಕಿಯನ್ನು. ಬಾಯಿ ಮುಚ್ಚಿಸುವುದನ್ನು ಅದು ಎಲ್ಲೂ ಸಮರ್ಥಿಸುವುದಿಲ್ಲ. ಮಾರ್ಗದರ್ಶನ ಮಾಡಲು ಮಗು ಏನು ಯೋಚಿಸುತ್ತಿದೆಯೆಂದು ಕೇಳಿಸಿಕೊಳ್ಳಲೇಬೇಕು.

ಕೇಳಿಸಿಕೊಳ್ಳುವುದಕ್ಕೂ ಒಂದು ಮೌನ ಬೇಕು, ಅದು ಶಿಕ್ಷಕರದ್ದು. 1970ರ ದಶಕದಲ್ಲಿ ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ ಪ್ರಾಥಮಿಕ ತರಗತಿಗಳ ಧ್ವನಿಮುದ್ರಿಕೆಗಳನ್ನು ಅಳೆದು ನೋಡಿದರು. ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಿದ್ದರು; ಉತ್ತರ ಬರದಿದ್ದರೆ ಇನ್ನೊಬ್ಬರನ್ನು ಕೇಳುತ್ತಿದ್ದರು, ಇಲ್ಲವೇ ತಾವೇ ಹೇಳಿಬಿಡುತ್ತಿದ್ದರು. ಮೂರು ಸೆಕೆಂಡಾದರೂ ಕಾಯಲು ಅವರನ್ನು ತರಬೇತುಗೊಳಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಹಿಂದುಳಿದವರೆಂದು ಎಣಿಸಿದ್ದ ಮಕ್ಕಳೂ ಮಾತಾಡತೊಡಗಿದರು, ಜೊತೆಗೆ ಶಿಸ್ತಿಗಾಗಿ ಗದರಬೇಕಾದ ಸಂದರ್ಭಗಳೂ ಕಡಿಮೆಯಾದವು. ಶಿಸ್ತಿನ ಹೆಸರಿನಲ್ಲಿ ಚುರುಕಾಗಿ ಪ್ರಶ್ನೋತ್ತರ ನಡೆಸುವವರು ಈ ಕೊನೆಯ ಸಂಗತಿಯ ಬಗ್ಗೆ ಯೋಚಿಸಬೇಕು.

ನಲವತ್ತು ಮಕ್ಕಳಿದ್ದಾರೆ, ಪಕ್ಕದ ಕೋಣೆಗೆ ತೊಂದರೆಯಾಗುತ್ತದೆ ಎಂಬುದು ನಿಜವಾದ ಕಷ್ಟ. ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ ಅರವತ್ತು ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರನ್ನು ಕೊಡುತ್ತದೆ. ಆ ಇಬ್ಬರ ನಡುವೆ ಐದು ತರಗತಿಗಳು. ಆದರೆ ಈ ಕಷ್ಟ ಮೌನದ ಪರವಾದ ವಾದವಾಗುವುದು ಹೇಗೆ? ಎಲ್ಲರಿಗೂ ಒಂದೇ ಹೊತ್ತಿಗೆ ಆಟ ಬೇಕೆಂದು ಯಾರೂ ಹೇಳುತ್ತಿಲ್ಲ. ಅರ್ಧ ತರಗತಿ ಸ್ಲೇಟಿನ ಮೇಲೆ ಗೊತ್ತಿರುವ ಲೆಕ್ಕ ಮಾಡುತ್ತಿರಲಿ, ಇನ್ನರ್ಧ ಜೋಡಿಗಳಲ್ಲಿ ಬೀಜದ ಆಟ ಆಡಲಿ, ಹದಿನೈದು ನಿಮಿಷಕ್ಕೆ ಬದಲಾಗಲಿ. ಜೂನ್ ತಿಂಗಳ ಮೊದಲ ಎರಡು ವಾರ ಚೀಲ ತೆಗೆಯುವುದು, ಜೋಡಿ ಕೂರುವುದು, ಚಪ್ಪಾಳೆಯ ಲಯ ಕೇಳಿದ ಕೂಡಲೇ ಕೈ ಖಾಲಿ ಮಾಡಿ ಶಿಕ್ಷಕಿಯತ್ತ ತಿರುಗುವುದು, ಇವನ್ನೇ ಪಾಠವಾಗಿ ಮಾಡಿಸಲಿ. ಶಿಕ್ಷಕಿ ಮಾತಾಡುವಾಗ ಎಲ್ಲರೂ ಸುಮ್ಮನಿರಬೇಕು, ಒಂದು ಮಗು ತನ್ನ ದಾರಿ ವಿವರಿಸುವಾಗಲೂ ಸುಮ್ಮನಿರಬೇಕು. ಅಂಥ ಮೌನವನ್ನು ನಾನೂ ಕೇಳುತ್ತೇನೆ. ಆದರೆ ಇದನ್ನೆಲ್ಲ ಮಕ್ಕಳು ಕಲಿಯುವುದು ಚೀಲಗಳು ಕೈಯಲ್ಲಿದ್ದಾಗಲೇ. ಸುಮ್ಮನಿರಲು ಕಲಿತ ಮೇಲೆ ಚೀಲ ಕೊಡುತ್ತೇನೆ ಎನ್ನುವುದು ಈಜು ಬಂದ ಮೇಲೆ ನೀರಿಗಿಳಿ ಎಂದಂತೆ.

ಮಗ್ಗಿಯನ್ನು ಬಿಡುವುದೇ ಎಂದು ಕೇಳುವವರಿದ್ದಾರೆ. ಬಿಡಬಾರದು. ಏಳೆಂಟ್ಲ ಐವತ್ತಾರು ನಾಲಗೆಯ ತುದಿಯಲ್ಲಿರುವ ಮಗುವಿಗೆ ಭಾಗಾಕಾರ ಹಗುರ. ಆದರೆ ಐದೈದರ ಕಟ್ಟುಗಳನ್ನು ಜೋಡಿಸಿ ಎಣಿಸಿದ ಮಗುವಿಗೆ ಐದರ ಮಗ್ಗಿ ಎಲ್ಲಾದರೂ ತಪ್ಪಿದರೆ ಹಿಂದಿನದಕ್ಕೆ ಐದು ಸೇರಿಸಿ ಮತ್ತೆ ಹಿಡಿಯಬಹುದೆಂದು ಗೊತ್ತಿರುತ್ತದೆ. ರಾಗವನ್ನಷ್ಟೇ ಕಲಿತ ಮಗು ತಪ್ಪಿದಲ್ಲಿಂದ ಮತ್ತೆ ‘ಐದೊಂದ್ಲ ಐದು’ ಎಂದೇ ಶುರುಮಾಡಬೇಕು. ಹೆದರಿಕೆಯೂ ಅಭ್ಯಾಸಕ್ಕೆ ನೆರವಾಗುವುದಿಲ್ಲ. ಒಂದನೇ ಮತ್ತು ಎರಡನೇ ತರಗತಿಯ ಅಮೆರಿಕನ್ ಮಕ್ಕಳನ್ನು ನೋಡಿದ 2013ರ ಅಧ್ಯಯನವೊಂದರಲ್ಲಿ ಗಣಿತದ ಭಯ ಹೆಚ್ಚಾಗಿ ಕಾಡಿದ್ದು ಹೆಚ್ಚಿನ ನೆನಪಿನ ಶಕ್ತಿಯುಳ್ಳ ಮಕ್ಕಳನ್ನೇ. ಮುಂದೆ ಗಣಿತದಲ್ಲಿ ಬೆಳಗಬಹುದಾಗಿದ್ದವರು ಭಯದಿಂದ ತಮ್ಮ ಬಲ ಕಳೆದುಕೊಂಡಿದ್ದರು. ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ತಪ್ಪು ಹೇಳಿದ ಮಗುವನ್ನು ಎಲ್ಲರೆದುರು ನಿಲ್ಲಿಸಿ ಮಗ್ಗಿ ಹೇಳಿಸುವುದು ಎರಡನೆಯದರ ಅಂಚಿನಲ್ಲೇ ಇದೆ.

ಕೊನೆಗೆ ಉಳಿಯುವುದು ಪೋಷಕರು ಮತ್ತು ಅಧಿಕಾರಿಗಳ ಒತ್ತಡ. ಶಿಕ್ಷಕಿಯೊಬ್ಬಳೇ ಇದನ್ನು ಎದುರಿಸಲಿ ಎಂದು ಬಿಟ್ಟುಬಿಡುವುದು ಅನ್ಯಾಯ. ತುಂಬಿದ ನೋಟ್‌ಬುಕ್ಕನ್ನೇ ಕಲಿಕೆಯ ಸಾಕ್ಷಿಯೆಂದು ಕೇಳುವವರೆಗೆ ಆಕೆ ಬರೆಸುತ್ತಲೇ ಇರುತ್ತಾಳೆ, ಬರೆಸಲು ಸುಮ್ಮನಿರಿಸುತ್ತಲೇ ಇರುತ್ತಾಳೆ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಪೋಷಕರ ಎದುರು ಮಗು ಮೂವತ್ತೆರಡು ಬೀಜಗಳನ್ನು ಹತ್ತರ ಗುಂಪು ಮಾಡಿ ಎಣಿಸಿ ತೋರಿಸಲಿ, 52ರಲ್ಲಿ 27 ಕಳೆಯುವಾಗ ಕಟ್ಟು ಏಕೆ ಬಿಚ್ಚಿದೆನೆಂದು ಹೇಳಲಿ. ನಕಲು ಮಾಡಿದ ಮೂರು ಪುಟ ಅವರಿಗೆ ಅಷ್ಟನ್ನು ತಿಳಿಸಲಾರದು. ನಿಪುಣ್ ಭಾರತ್ ಯೋಜನೆ 2021ರಲ್ಲಿ ಆರಂಭವಾದದ್ದೇ ಮೂರನೇ ತರಗತಿ ಮುಗಿಯುವಷ್ಟರಲ್ಲಿ ಪ್ರತಿ ಮಗುವಿಗೂ ಓದು ಮತ್ತು ಲೆಕ್ಕದ ಬುನಾದಿ ಸಿಗಬೇಕೆಂಬ ಗುರಿಯಿಂದ. 2026-27 ಅದಕ್ಕಿಟ್ಟ ಗಡುವು. ಹಾಗಿರುವಾಗ ಶಾಲೆಗೆ ಭೇಟಿ ಕೊಡುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ ಬಾಗಿಲಲ್ಲಿ ನಿಂತು ಸದ್ದನ್ನು ಅಳೆಯದೆ ಒಳಗೆ ಬಂದು ಯಾವುದಾದರೂ ಜೋಡಿಯ ಪಕ್ಕ ಕೂರಲಿ, ‘ಏನು ಮಾಡ್ತಿದ್ದೀರಿ ಪುಟ್ಟಾ, ಇದು ಹೇಗೆ ಬಂತು?’ ಎಂದು ಕೇಳಲಿ. ಉತ್ತರ ಬೀಜದ ಬಗ್ಗೆ ಮಾತ್ರವೋ, ಸಂಖ್ಯೆಯ ಬಗ್ಗೆಯೂ ಇದೆಯೋ ಎಂಬುದನ್ನು ಭೇಟಿ ವರದಿಯಲ್ಲಿ ಬರೆಯಲಿ. ಡಿ.ಎಲ್.ಇಡಿ ಶಿಕ್ಷಕ ತರಬೇತಿಯಲ್ಲೂ ತರಗತಿ ನಿರ್ವಹಣೆಯನ್ನು ಬೇರೆ, ಗಣಿತ ಬೋಧನೆಯನ್ನು ಬೇರೆ ಎಂದು ಕಲಿಸುವುದು ನಿಲ್ಲಲಿ. ಇಪ್ಪತ್ತು ಬೀಜದ ಚೀಲವನ್ನು ನಲವತ್ತು ಮಕ್ಕಳಿಗೆ ಎರಡು ನಿಮಿಷದಲ್ಲಿ ತಲುಪಿಸುವುದು ಹೇಗೆಂದು ಗಣಿತದ ತರಗತಿಯಲ್ಲೇ ಭಾವೀ ಶಿಕ್ಷಕರು ಮಾಡಿ ನೋಡಲಿ.